ನವಿಲುಗರಿ ಮೆಲೋಡೀಸ್‌ನ ಜೋಡಿ

ನರಸಿಂಹರಾಜಪುರ
9 ಆಗಸ್ಟ್ 2023

ಸುಂದರಣ್ಣನಿಗೆ ನಮಸ್ಕಾರ.

ಕಾಗದ ಬರೆಯುವುದು ಮರೆತೇಹೋಗಿದೆ, ಅಕ್ಷರ ನೋಡಿ ನಗಬೇಡಿ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಯಾವಾಗ ಮಾಡಿದರೂ ಸೀತಕ್ಕನೇ ಎತ್ತುತ್ತಾರೆ. "ಅವ್ರು ತೋಟದ ಕೆಲ್ಸಕ್ಕೆ ಹೋಗಿದಾರೆ ಮಾರಾಯ್ತಿ, ಬಂದ್ಮೇಲೆ ಹೇಳ್ತೀನಿ" ಅನ್ನುತ್ತಾರೆ. ಬಂದ ಮೇಲೆ ನೀವು ತಿರುಗಿ ಮಾಡುವುದಿಲ್ಲ. ನಿಮ್ಮ ಆ ಹಳೆಯ ಫೋನಿನಲ್ಲಿ ವಾಟ್ಸಾಪ್ ಇಲ್ಲ. ಅದಕ್ಕೇ ಈಗ ಅಂಚೆಯವರನ್ನು ನಂಬಿದ್ದೇನೆ.

ವಿಷಯ ಇಷ್ಟೇ. ಕೊಪ್ಪದ ಒಂದು ಗಣಪತಿ ಸಮಿತಿಯವರು ಈ ಸಲ ರಸಮಂಜರಿಯನ್ನು ನಮ್ಮ ನವಿಲುಗರಿ ಮೆಲೋಡೀಸ್‌ಗೇ ಕೊಟ್ಟಿದ್ದಾರೆ. ಸಮಿತಿಯ ಬೂತಪ್ಪ ಎಂಬುವವರು, "ಹಳೇ ಜೋಡೀನ ಕರ್ಸಿ ಮಾರಾಯ, ಸುಂದರೇಶ್-ಸುಮಲತಾ ಇಲ್ದಿದ್ರೆ ಅದೆಂತ ರಸಮಂಜರಿ" ಅಂದರಂತೆ. ಜಟ್ಟಪ್ಪನವರು ತೀರಿಕೊಂಡ ಮೇಲೆ ಟ್ರೂಪ್ ನೋಡಿಕೊಳ್ಳುತ್ತಿರುವವನು ಅವರ ಮಗ ಲೋಕೇಶ, ನಿಮಗೆ ಗೊತ್ತಲ್ಲ. ಅವನೂ, "ಅಕ್ಕಾ, ನೀನು ಕರೆದ್ರೆ ಬಂದೇ ಬರ್ತಾರೆ" ಎಂದ.

ಹೋದ ವರ್ಷ ಜಯಪುರದ ಕಾರ್ಯಕ್ರಮದಲ್ಲಿ ನೀವು ತಾಳ ತಪ್ಪಿದಾಗ ನಾನು ಎಲ್ಲರ ಎದುರು "ಕುಡ್ಕೊಂಡು ಬಂದಿದೀರಾ?" ಎಂದು ಕೇಳಿದೆ. ಮರುದಿನವೇ ನೀವು ಚೀಲ ತೆಗೆದುಕೊಂಡು ಕಿಗ್ಗದ ಬಸ್ ಹತ್ತಿದಿರಿ. ಕೇಳಿದ್ದಕ್ಕೆ ಬೇಸರವಿದ್ದರೆ ಬಿಟ್ಟುಬಿಡಿ. ಆ ದಿನ ನನಗೂ ಸಿಟ್ಟಿತ್ತು.

ಇಲ್ಲಿ ಎಲ್ಲ ಚೆನ್ನಾಗಿದೆ. ಈಗಲೂ ನಾನೇ ಮುಖ್ಯ ಗಾಯಕಿ. ಹಾಡುಗಳೂ ಅವೇ. ಮಂಡಿ ಸ್ವಲ್ಪ ನೋಯುತ್ತದೆ, ಪಟ್ಟಿ ಹಾಕಿಕೊಂಡು ಕುಣಿಯುತ್ತೇನೆ. ನೀವು ಬಂದರೆ ಆ ಜೋಡಿಹಾಡು ಒಂದೇ ಸಾಕು, ಬೇರೆ ಏನೂ ಬೇಡ.

ಬರುತ್ತೀರಿ ತಾನೇ?

ವೇದಿಕೆಯಲ್ಲಿ ನಾಯಕಿ, ಇಳಿದ ಮೇಲೆ ನಿಮ್ಮ ತಂಗಿ,
ಸುಮಾ


ಕಿಗ್ಗ
24 ಆಗಸ್ಟ್ 2023

ಪ್ರೀತಿಯ ಸುಮಾ,

ಕಾಗದ ಬಂತು. ನಾವೆಲ್ಲ ಕ್ಷೇಮ.

ನಾನು ಬರುವುದು ಕಷ್ಟ. ಈಗ ಅಡಿಕೆಗೆ ಔಷಧಿ ಹೊಡೆಯುವ ಕಾಲ. ಮರ ಹತ್ತುವವರು ಬೇರೆ, ನಾನು ಕೆಳಗೆ ಪೈಪ್ ಹಿಡಿಯುವವನು. ಮಳೆ ಬಿಟ್ಟ ಹೊತ್ತಿಗೇ ಕರೆಯುತ್ತಾರೆ, ಇಲ್ಲ ಎನ್ನಲಾಗುವುದಿಲ್ಲ. ಅಭ್ಯಾಸವೂ ತಪ್ಪಿದೆ. ನನಗೂ ಐವತ್ತೈದಾಯಿತಲ್ಲ, ಹೊಳೆಯುವ ಅಂಗಿ ಹಾಕಿ ನಿಂತರೆ ಜನ ನಕ್ಕಾರು.

ಸೀತೆಗೂ ಇಷ್ಟವಿಲ್ಲ.

ಹೊಸ ಹುಡುಗ ವಿಜಯ್ ನನ್ನ ಹೆಜ್ಜೆಗಳನ್ನೆಲ್ಲ ಕಲಿತಿದ್ದಾನೆ. ಅವನನ್ನೇ ನಿಲ್ಲಿಸಿ. ನೀನು ಹಾಡುತ್ತಿದ್ದೀಯಲ್ಲ, ಅಷ್ಟು ಸಾಕು ಜನರಿಗೆ.

ಫೋನ್ ವಿಷಯಕ್ಕೆ ಬೇಸರ ಮಾಡಿಕೊಳ್ಳಬೇಡ. ನಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ.

ಇತಿ,
ಸುಂದರೇಶ್


ನರಸಿಂಹರಾಜಪುರ
2 ಸೆಪ್ಟೆಂಬರ್ 2023

ಸುಂದರಣ್ಣ,

ನೆಟ್‌ವರ್ಕ್ ಸೀತಕ್ಕನಿಗೆ ಸಿಗುತ್ತದೆ, ನಿಮಗೆ ಮಾತ್ರ ಸಿಗುವುದಿಲ್ಲ ಅಲ್ಲವಾ?

ನನಗೆ ಅರ್ಥವಾಯಿತು. ನೀವು ಇಪ್ಪತ್ತಕ್ಕೂ ಹೆಚ್ಚು ವರ್ಷ ಟ್ರೂಪಿನಲ್ಲಿದ್ದಿರಿ. ಸೀತಕ್ಕ ಒಂದೇ ಒಂದು ಕಾರ್ಯಕ್ರಮಕ್ಕೂ ಬಂದು ಕೂತವರಲ್ಲ. ಶೃಂಗೇರಿಯಲ್ಲಿ, ಮನೆಯ ಹತ್ತಿರವೇ ಆದಾಗಲೂ ಬರಲಿಲ್ಲ. ಕುಣಿಯುವವಳ ಸೊಂಟದ ಮೇಲೆ ಗಂಡ ಕೈ ಇಡುವುದನ್ನು ಯಾವ ಹೆಂಡತಿ ನೋಡುತ್ತಾಳೆ, ಅದು ನನಗೂ ತಿಳಿಯುತ್ತದೆ. ಆದರೆ ನೀವು ಅವರಿಗೆ ಉಳಿದದ್ದನ್ನು ಹೇಳಿದ್ದೀರಾ? ಶಾಲೆಯ ಕೋಣೆಯಲ್ಲಿ ನಾನು ಸೀರೆ ಬದಲಿಸುವಾಗ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವರು ನೀವು. ಕಡೂರು ಕಡೆಯ ಒಬ್ಬ ವೇದಿಕೆ ಹತ್ತಿ ನನ್ನ ಸೆರಗು ಎಳೆದಾಗ ಹಾಡು ನಿಲ್ಲಿಸದೆ ಅವನನ್ನು ಕೆಳಗೆ ತಳ್ಳಿದವರು ನೀವು. ನಮ್ಮಮ್ಮ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ ಸತ್ತಾಗ ಹೆಗಲು ಕೊಡಲು ಬಂದವರು ನೀವು, ನನ್ನ ಸ್ವಂತ ಅಣ್ಣ ಬರಲಿಲ್ಲ. ಇದನ್ನೆಲ್ಲ ಸೀತಕ್ಕನಿಗೆ ಹೇಳಿದ್ದರೆ ಅವರು ಹೀಗೆ ತಡೆಯುತ್ತಿರಲಿಲ್ಲ.

ಈಗ ಮನೆಯಲ್ಲಿ ಮರ್ಯಾದಸ್ಥರಾಗಿದ್ದೀರಿ. ಆಗಲಿ. ನಾನು ಇನ್ನು ಕರೆಯುವುದಿಲ್ಲ.

ಕಾರ್ಯಕ್ರಮ 24ಕ್ಕೆ, ಭಾನುವಾರ, ಸಂಜೆ. ಸುಮ್ಮನೆ ತಿಳಿಸಿದ್ದೇನೆ.

ಸುಮಲತಾ


ಕಿಗ್ಗ
1 ಅಕ್ಟೋಬರ್ 2023

ಸುಮಾ,

ನಾನು ಕೊಪ್ಪಕ್ಕೆ ಬಂದಿದ್ದೆ.

ನಿನಗೆ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ, ಕಡಲೆಕಾಯಿ ಗಾಡಿಯ ಪಕ್ಕ ಕೂತಿದ್ದೆ. ಯಾರಿಗೂ ಗುರುತಾಗಲಿಲ್ಲ, ಗಡ್ಡ ಬಿಟ್ಟಿದ್ದೇನೆ. ಕಾರ್ಯಕ್ರಮ ಮುಗಿಯುವ ಮೊದಲೇ ಎದ್ದು ಬಸ್ಸಿಗೆ ಹೋದೆ.

ಮೊದಲು ಸೀತೆಯ ವಿಷಯ. ಅವಳು ನನ್ನನ್ನು ತಡೆದಿಲ್ಲ. "ಸೀತೆಗೂ ಇಷ್ಟವಿಲ್ಲ" ಎಂದು ನಾನು ಬರೆದದ್ದು ಸುಳ್ಳು. ಅವಳಿಗೆ ಬೈಗುಳ ತಿನ್ನಿಸಿ ನಾನು ಅಡಗಿಕೊಂಡೆ. ನಿನ್ನ ಫೋನ್ ಅವಳು ಎತ್ತುವುದು ನನಗೆ ಕೇಳದಿರುವುದರಿಂದ.

ನನಗೆ ಕಿವಿ ಹೋಗಿದೆ ಸುಮಾ.

ಒಂದೇ ದಿನ ಹೋದದ್ದಲ್ಲ. ಅಷ್ಟು ವರ್ಷ ಆ ದೊಡ್ಡ ಸ್ಪೀಕರಿನ ಪಕ್ಕ ನಿಂತದ್ದು ನಾನೇ, ಎಡಗಡೆ ನನ್ನ ಜಾಗ. ಮೊದಲು ಕೀಬೋರ್ಡಿನ ಮೇಲಿನ ಸ್ವರ ಹೋಯಿತು. ಆಮೇಲೆ ನಿನ್ನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಾಯಿತು. ಸಾಲು ಎಲ್ಲಿದೆ ಎಂದು ನಿನ್ನ ತುಟಿ ನೋಡಿ ಹಾಡುತ್ತಿದ್ದೆ. ಜಯಪುರದಲ್ಲಿ ನೀನು ಹಾಡಿನ ಮಧ್ಯೆ ಜನರ ಕಡೆ ತಿರುಗಿದೆ, ತುಟಿ ಕಾಣಲಿಲ್ಲ, ನಾನು ದಾರಿ ತಪ್ಪಿದೆ. ನೀನು ಬಂದು "ಕುಡ್ಕೊಂಡು ಬಂದಿದೀರಾ" ಎಂದು ಕೇಳಿದ್ದು ಮುಖ ನೋಡಿ ಗೊತ್ತಾಯಿತು. ನಾನು ಇಲ್ಲ ಎನ್ನಲಿಲ್ಲ. ಕುಡಿದವನನ್ನು ಒಂದು ದಿನ ಬೈದು ಮತ್ತೆ ಕರೆಯುತ್ತಾರೆ. ಕಿವುಡನನ್ನು ಹಾಡಿಗೆ ಯಾರು ಕರೆಯುತ್ತಾರೆ? ಕುಡುಕ ಎಂದೇ ಇರಲಿ ಅನಿಸಿತು.

ಶಿವಮೊಗ್ಗದಲ್ಲಿ ತೋರಿಸಿದೆವು. ಕಿವಿಗೆ ಮೆಷಿನ್ ಕೊಟ್ಟಿದ್ದಾರೆ. ಅದರಲ್ಲಿ ಲಾರಿ ಕೇಳುತ್ತದೆ, ನಾಯಿ ಕೇಳುತ್ತದೆ, ಎದುರು ನಿಂತು ಜೋರಾಗಿ ಹೇಳಿದರೆ ಮಾತೂ ಅರ್ಧ ಕೇಳುತ್ತದೆ. ಹಾಡು ಮಾತ್ರ ಬರೀ ಗದ್ದಲ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ವಾರ ಯೋಚಿಸಿದೆ. ಅಂದು ನೀನು ಹಾಡುತ್ತಿರಲಿಲ್ಲ. ನಮ್ಮ ಜೋಡಿಹಾಡೇ ಎಂದು ಹೆಜ್ಜೆಯಿಂದ ಗೊತ್ತಾಯಿತು. ಪಲ್ಲವಿಯ ಮೊದಲು ಆ ಮೂರು ಸುತ್ತು ನೀನು ಯಾವತ್ತೂ ಹಾಕಿದವಳಲ್ಲ. ಉಸಿರು ಸಾಲದು ಎಂದು ನಿಂತುಬಿಡುತ್ತಿದ್ದೆ. ಅಂದು ಮೂರೂ ಸುತ್ತು ತಿರುಗಿದೆ. ತಿರುಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದೆ. ಜನ ಆಗಲೇ ತಲೆದೂಗುತ್ತಿದ್ದರು, ಅಂದರೆ ಹಾಡು ಶುರುವಾಗಿತ್ತು. ಕಿವಿ ಇದ್ದವರು ನಿನ್ನ ಮುಖ ಸರಿಯಾಗಿ ನೋಡಲಿಲ್ಲ ಅಷ್ಟೇ.

ಯಾರ ಹಾಡು ಅದು? ನಿನಗೆ ಏನಾಗಿದೆ?

ಸುಂದರೇಶ್


ನರಸಿಂಹರಾಜಪುರ
20 ಅಕ್ಟೋಬರ್ 2023

ಸುಂದರಣ್ಣ,

ನಿಮ್ಮ ಕಿವಿಯ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಪಕ್ಕದಲ್ಲೇ ನಿಂತವಳು ನಾನು, ನನಗೆ ಗೊತ್ತಾಗಲಿಲ್ಲವಲ್ಲ. ಸೀತಕ್ಕನಿಗೆ ನನ್ನ ಮುಖ ತೋರಿಸುವುದು ಹೇಗೆ?

ಆದರೆ ನೀವು ತಪ್ಪು ನೋಡಿದ್ದೀರಿ. ಕೊಪ್ಪದಲ್ಲಿ ಕೇಳಿದ್ದು ನನ್ನದೇ ದನಿ. ಮತ್ತೆ ಆ ಮಾತು ಬರೆಯಬೇಡಿ.

ಸುಮಾ


ಕಿಗ್ಗ
5 ನವೆಂಬರ್ 2023

ಸುಮಾ,

ಬರೆಯುವುದಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೋ. ಸೀತೆ ನಿನ್ನ ಮೇಲೆ ಏನೂ ಇಟ್ಟುಕೊಂಡಿಲ್ಲ. ನಿನ್ನ ಕಾಗದವನ್ನು ಅವಳೂ ಓದಿದಳು. "ಪಾಪ, ಒಬ್ಳೇ ಇರೋಳು" ಎಂದಳು, ಅಷ್ಟೇ.

ಸುಂದರೇಶ್


ನರಸಿಂಹರಾಜಪುರ
18 ಫೆಬ್ರವರಿ 2024

ಸುಂದರಣ್ಣ,

ನಾಲ್ಕು ತಿಂಗಳು ಕಾಗದ ಬರೆಯಲಿಲ್ಲ. ಶುರು ಮಾಡಿ ಹರಿದುಹಾಕುತ್ತಿದ್ದೆ. ಇವತ್ತು ಹರಿಯುವುದಕ್ಕೂ ಬೇಜಾರು, ಹಾಗಾಗಿ ಪೂರ್ತಿ ಬರೆಯುತ್ತೇನೆ.

ನನ್ನ ಗಂಟಲಿನಲ್ಲಿ ಗಂಟಾಗಿದೆ. ನೀವು ಹೋದ ಆರು ತಿಂಗಳಿಗೆ ದನಿ ಒಡೆಯಿತು. ಡಾಕ್ಟರು, "ಆಪರೇಷನ್ ಮಾಡ್ಬಹುದು, ಆದ್ರೆ ಹಾಡೋ ದನಿ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ಈಗ ಮಾತಾಡಿದರೆ ಗರಗಸ ಎಳೆದಂತೆ. ನೀವು ಫೋನಿಗೆ ಬರದೇ ಇದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ನನ್ನ ದನಿ ಕೇಳಿ ನೀವು ಕಂಡುಹಿಡಿಯುತ್ತೀರಿ ಎಂದು ಹೆದರಿದ್ದೆ. ಸೀತಕ್ಕನಿಗೆ ಶೀತ ಎಂದು ಹೇಳಿದ್ದೆ.

ಲೋಕೇಶ ನನ್ನನ್ನು ಟ್ರೂಪಿನಿಂದ ಬಿಡಿಸಲಿಲ್ಲ. ಒಳ್ಳೆಯವನೇ, ಕೆಟ್ಟ ಮಾತಾಡಿದವನಲ್ಲ. "ಅಕ್ಕಾ, ಮುಖ ನಿಂದೇ ಇರ್ಲಿ, ಹಾಡು ನಾನು ನೋಡ್ಕೊಳ್ತೀನಿ" ಎಂದ. ಜಟ್ಟಪ್ಪನವರಿದ್ದಾಗ ಸಿ.ಡಿ. ಮಾಡಿಸುತ್ತೇನೆಂದು ನಮ್ಮಿಬ್ಬರನ್ನೂ ಶಿವಮೊಗ್ಗದ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರಲ್ಲ, ನೆನಪಿದೆಯಾ? ಎಸಿ ಚಳಿಗೆ ನೀವು ಟವೆಲ್ ಹೊದ್ದು ಹಾಡಿದಿರಿ. ಸಿ.ಡಿ. ಹೊರಗೆ ಬರಲೇ ಇಲ್ಲ. ಆ ಹಾಡುಗಳು ಅವನ ಕಂಪ್ಯೂಟರಿನಲ್ಲಿದ್ದವು. ಈಗ ಅದನ್ನೇ ಹಾಕುತ್ತಾನೆ. ನಾನು ತುಟಿ ಆಡಿಸುತ್ತೇನೆ. ನನ್ನದೇ ದನಿ ಎಂದು ಬರೆದದ್ದು ಸುಳ್ಳಲ್ಲ. ಮೂವತ್ತೇಳರ ಸುಮಲತಾಳ ದನಿಗೆ ನಲವತ್ತೊಂಬತ್ತರವಳು ಕುಣಿಯುತ್ತಿದ್ದೇನೆ.

ನಾನು ಬರೆಯದೆ ಬಿಟ್ಟದ್ದು ಇನ್ನೂ ಇದೆ. ಅದು ಜೋಡಿಹಾಡಲ್ಲವಾ ಸುಂದರಣ್ಣ. ವಿಜಯ್‌ಗೆ ಹಾಡಲು ಬರುವುದಿಲ್ಲ, ಅವನೂ ತುಟಿಯೇ. ಅವನ ತುಟಿಗೆ ಹಾಕುವುದು ನಿಮ್ಮ ದನಿ. ಕೊಪ್ಪದಲ್ಲಿ ನೀವು ಹಿಂದಿನ ಸಾಲಿನಲ್ಲಿ ಕೂತಿದ್ದಾಗ ಮೈದಾನದ ತುಂಬ ಇದ್ದದ್ದು ನೀವೇ. ಜನ ಚಪ್ಪಾಳೆ ಹೊಡೆದದ್ದು ನಿಮಗೆ. ನೀವು ಬಂದಿದ್ದಿರಿ ಎಂದು ಓದಿದ ದಿನದಿಂದ ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ, ಕಡಲೆಕಾಯಿ ಗಾಡಿಯ ಪಕ್ಕ ಕೂತ ನೀವು. ಅದಕ್ಕೇ ಬರೆಯಲಾಗಲಿಲ್ಲ.

ನನಗೆ ದಣಿವಾಗಿದೆ. ಹದಿನೇಳರಲ್ಲಿ ಕೊಪ್ಪದ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದಾಗ ಜಟ್ಟಪ್ಪನವರು ಅಮ್ಮನನ್ನು ಕೇಳಿ ಕರೆದುಕೊಂಡು ಬಂದರು. ಆಗಿನಿಂದ ವ್ಯಾನಿನಲ್ಲಿ ಮಲಗಿ, ಬಕೆಟ್ ನೀರಲ್ಲಿ ಬಣ್ಣ ತೊಳೆದು, ಮುಂದಿನ ಊರು. ಮೂವತ್ತು ವರ್ಷ ದಾಟಿತು. ಹಾಡುತ್ತಿದ್ದಾಗ ಇಷ್ಟು ದಣಿವು ಇರಲಿಲ್ಲ. ಹಾಡದೆ ಕುಣಿದರೆ ಉಸಿರು ಜಾಸ್ತಿ ಉಳಿಯಬೇಕು ತಾನೇ? ಉಳಿಯುವುದಿಲ್ಲ.

ಈ ಸೀಸನ್ ಮುಗಿದ ಮೇಲೆ ಬಿಡುತ್ತೇನೆ. ನಾನು ಬಿಟ್ಟರೂ ಹಾಡು ಇರುತ್ತದೆ. ನಯನ ಎಂಬ ಹುಡುಗಿ ಬಂದಿದ್ದಾಳೆ, ಚುರುಕಾಗಿದ್ದಾಳೆ. ಅವಳೂ ವಿಜಯ್ಯೂ ನಮ್ಮಿಬ್ಬರ ದನಿಗೆ ಕುಣಿಯುತ್ತಾರೆ. ಬೇಡ ಎಂದು ಲೋಕೇಶನಿಗೆ ಹೇಳಲಾ? ನಿಮ್ಮ ದನಿ, ನೀವು ಹೇಳಿದಂತೆ.

ಸುಮಾ


ಕಿಗ್ಗ
6 ಮಾರ್ಚ್ 2024

ಸುಮಾ,

ನಿನ್ನ ಕಾಗದ ಓದಿ ಅಂಗಳದಲ್ಲೇ ಕೂತೆ. ಸೀತೆ ಬಂದು ಎದುರು ನಿಂತು, "ಎಂತ ಆಯ್ತು? ಯಾರು ಸತ್ರು?" ಎಂದು ಕೇಳಿದಳು. ಯಾರೂ ಸತ್ತಿಲ್ಲ ಎಂದೆ. ಕಾಗದ ಕೊಟ್ಟೆ.

ನನಗೆ ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆ ಹುಡುಗ ನನ್ನ ಹೆಜ್ಜೆ ತೆಗೆದುಕೊಂಡದ್ದು ಸರಿ, ನಾನೇ ಕಲಿಸಿದ್ದು. ದನಿ ಕೊಟ್ಟವನು ನಾನಲ್ಲ. ಮರುದಿನ ತೋಟದಲ್ಲಿ ಸೋಗೆ ಎಳೆಯುತ್ತಾ ಎಳೆಯುತ್ತಾ ಸಿಟ್ಟು ಇಳಿಯಿತು. ನನ್ನ ಹತ್ತಿರ ಇಟ್ಟುಕೊಂಡರೂ ನನಗೆ ಕೇಳುವುದಿಲ್ಲ. ಇದ್ದಲ್ಲಿ ಇರಲಿ. ಲೋಕೇಶನಿಗೆ ಏನೂ ಹೇಳಬೇಡ.

ನೀನು ಬಿಡು. ಸೀಸನ್ ಮುಗಿಯುವವರೆಗೂ ಕಾಯಬೇಡ. ಆ ಮೂರು ಸುತ್ತು ನಿನ್ನ ಮಂಡಿಗೆ ಆಗುವುದಲ್ಲ.

ಒಂದು ಕೇಳುತ್ತೇನೆ. ನಿನಗೆ ಬೇರೆ ಏನು ಕೆಲಸ ಬರುತ್ತದೆ?

ಸುಂದರೇಶ್


ಶೃಂಗೇರಿ
22 ಏಪ್ರಿಲ್ 2024

ಸುಂದರಣ್ಣ,

ವಿಳಾಸ ನೋಡಿ. ಬಿಟ್ಟುಬಂದೆ.

ನಿಮ್ಮ ಪ್ರಶ್ನೆಗೆ ಉತ್ತರ: ಬೇರೆ ಏನೂ ಬರುವುದಿಲ್ಲ. ಹಾಸಿಗೆಯ ಚಾದರ ಬದಲಿಸಲು ಏನೂ ಬರಬೇಕಾಗಿಲ್ಲ. ಯಾತ್ರಿಕರು ಇಳಿದುಕೊಳ್ಳುವ ಒಂದು ಲಾಡ್ಜಿನಲ್ಲಿ ಸೇರಿಕೊಂಡಿದ್ದೇನೆ. ಮಹಡಿಯ ಕೋಣೆಗಳು ನನ್ನವು. ಗುಡಿಸುವುದು, ಒರೆಸುವುದು, ಚಾದರ ಕೆಳಗೆ ತಂದು ಒಗೆಯಲು ಹಾಕುವುದು. ಮೆಟ್ಟಿಲು ಹತ್ತುವಾಗ ಮಂಡಿ ಕೂಗುತ್ತದೆ. ಹಿಂದಿನ ಕೋಣೆ ಉಳಿಯಲು ಕೊಟ್ಟಿದ್ದಾರೆ. ಸಂಜೆ ಹೊಳೆಯ ಕಡೆ ಹೋಗಿ ಮೀನು ನೋಡುತ್ತೇನೆ.

ಮೊನ್ನೆ ಬಾಳೆಹೊನ್ನೂರಿನ ಒಬ್ಬ ಹೆಂಗಸು ಕೋಣೆಗೆ ಬಂದವಳು ನನ್ನನ್ನೇ ನೋಡಿದಳು. "ನೀವು ಮೆಲೋಡೀಸಿನ ಸುಮಲತಾ ಅಲ್ವಾ? ನಮ್ಮೂರಿಗೆ ಬರ್ತಿದ್ರಿ, ಎಂತ ಚೆಂದ ಹಾಡ್ತಿದ್ರಿ" ಎಂದಳು. ನಾನು ಬಾಯಿ ತೆರೆದೆ. ಈ ದನಿ ಕೇಳಿ ಅವಳೇ, "ಓ, ಅಲ್ಲ ಅನ್ಸುತ್ತೆ" ಎಂದಳು. "ಅವ್ಳು ನನ್ನ ಅಕ್ಕ" ಎಂದೆ. ಅಕ್ಕ ಈಗ ಎಲ್ಲಿದ್ದಾಳೆ ಎಂದು ಕೇಳಿದಳು. ಕಾರ್ಯಕ್ರಮಕ್ಕೆ ಹೋಗಿದ್ದಾಳೆ ಎಂದೆ.

ಕಿಗ್ಗ ಇಲ್ಲಿಂದ ಎಷ್ಟು ಹತ್ತಿರ! ಆದರೂ ಬರಲು ಧೈರ್ಯವಿಲ್ಲ. ಸೀತಕ್ಕನ ಬಗ್ಗೆ ಹಾಗೆ ಬರೆದವಳು ನಾನು.

ಮೇ 18ಕ್ಕೆ ಇಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವವಿದೆ. ಲೋಕೇಶನ ಟ್ರೂಪ್ ಬರುತ್ತಿದೆ ಎಂದು ಗೋಡೆಗೆ ಅಂಟಿಸಿದ್ದಾರೆ. ಪೋಸ್ಟರಿನಲ್ಲಿ ನಯನಳ ಮುಖ.

ಸುಮಾ


ಕಿಗ್ಗ
4 ಮೇ 2024

ಸುಮಾ,

ಆ ವಾರ್ಷಿಕೋತ್ಸವದ ವಿಷಯ ಸೀತೆಗೆ ಹೇಳಿದೆ. ಹೇಳಿ ಕೆಟ್ಟೆ. "ನಾನು ಹೋಗ್ತೀನಿ" ಎಂದು ಕೂತಿದ್ದಾಳೆ.

ಅಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದೆ. ನೀನು ತಿಳಿದುಕೊಂಡದ್ದಲ್ಲ ಅದು. ನಾನೂ ಬೇರೆಯೇ ತಿಳಿದಿದ್ದೆ. "ಮಕ್ಳು ಸಣ್ಣೋರು, ಅತ್ತೆ ಹಾಸಿಗೆ ಹಿಡಿದಿದ್ರು, ನೀವು ಒಂದಿನನಾದ್ರೂ ಬಾ ಅಂತ ಕರೆದ್ರಾ?" ಎಂದಳು. ಕರೆದಿರಲಿಲ್ಲ. ಕರೆಯಬೇಕೆಂದು ತೋಚಿರಲೂ ಇಲ್ಲ. ಮನೆಯಲ್ಲಿ ನಾನು ಹಾಡಿದವನೂ ಅಲ್ಲ, ಬಂದು ಮಲಗುತ್ತಿದ್ದೆ.

ನನ್ನ ಹಾಡನ್ನು ಅವಳು ಒಂದು ಸಲವೂ ಕೇಳಿಲ್ಲ ಸುಮಾ. ಈಗ ಕೇಳಬೇಕಂತೆ. ನಾನು ಬರುವುದಿಲ್ಲ, ಆ ಗದ್ದಲ ನನಗೆ ಆಗದು. ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕಳಿಸುತ್ತೇನೆ. ಇಳಿಸಿಕೋ. ಹೇಗಿತ್ತು ಎಂದು ನೀನೇ ಬರೆ. ಅವಳನ್ನು ಕೇಳಿದರೆ ಚೆನ್ನಾಗಿತ್ತು ಎಂದುಬಿಡುತ್ತಾಳೆ.

ಸುಂದರೇಶ್


ಶೃಂಗೇರಿ
19 ಮೇ 2024

ಸುಂದರಣ್ಣ,

ಸೀತಕ್ಕ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದಾರೆ, ಈ ಕಾಗದ ಅವರ ಕೈಯಲ್ಲೇ ಕೊಟ್ಟಿದ್ದೇನೆ.

ಬಸ್ಸಿನಿಂದ ಇಳಿದವರೇ ನನ್ನ ಕೈ ಹಿಡಿದುಕೊಂಡರು. ಕ್ಷಮಿಸಿ ಎನ್ನಲು ಸಾಲು ಜೋಡಿಸಿಕೊಂಡಿದ್ದೆ. "ಗಂಟ್ಲು ನೋವಾಗುತ್ತೆ, ಮಾತಾಡ್ಬೇಡ" ಎಂದರು. ಉಪ್ಪಿನಕಾಯಿ ತಂದಿದ್ದರು. ನನ್ನ ಕೋಣೆಯಲ್ಲಿ ಊಟ ಮಾಡಿ ಸಂಜೆ ಹೋದೆವು.

ಜನರ ನಡುವೆ ಕುರ್ಚಿಯಲ್ಲಿ ಕೂತು ನಮ್ಮ ಕಾರ್ಯಕ್ರಮ ನೋಡಿದ್ದು ನನಗೂ ಮೊದಲ ಸಲ. ಲೈಟು ಇಷ್ಟು ಚೆಂದ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಮೇಲಿದ್ದಾಗ ಬರೀ ಶೆಕೆ. ನಯನ ಚೆನ್ನಾಗಿ ಕುಣಿಯುತ್ತಾಳೆ, ಸ್ವಲ್ಪ ಹೆಚ್ಚು ನಗುತ್ತಾಳೆ. ಲೋಕೇಶ ನನ್ನನ್ನು ಕಂಡು ಕೈ ಬೀಸಿದ. ನಾನು ಬೀಸಲಿಲ್ಲ, ಆಮೇಲೆ ಬೀಸಿದೆ.

ಜೋಡಿಹಾಡು ಶುರುವಾದಾಗ ಸೀತಕ್ಕನ ಮೊಣಕೈ ಮುಟ್ಟಿ, "ಇದೇ" ಎಂದೆ. ಎಲ್ಲರೂ ವೇದಿಕೆ ನೋಡುತ್ತಿದ್ದರು. ಅವರು ಕಣ್ಣು ಮುಚ್ಚಿಕೊಂಡರು. ಹಾಡು ಮುಗಿಯುವ ತನಕ ತೆಗೆಯಲಿಲ್ಲ. ಹಾಗೆ ಕಣ್ಣು ಮುಚ್ಚಿಕೊಂಡೇ, "ಇಷ್ಟು ದೊಡ್ಡ ದನಿ ಇತ್ತಾ ಇವ್ರಿಗೆ?" ಎಂದು ಕೇಳಿದರು.

ಹೇಗಿತ್ತು ಎಂದು ಬರೆಯಲು ಹೇಳಿದ್ದೀರಿ. ಹಾಡು ಎತ್ತಿಕೊಂಡ ರೀತಿ ಚೆನ್ನಾಗಿತ್ತು. ಪಲ್ಲವಿಯಲ್ಲಿ ಮೇಲಿನ ಸ್ವರ ಸ್ವಲ್ಪ ಒರಟು, ಅದು ಎಸಿ ಚಳಿಗೆ ಇರಬೇಕು. ಎರಡನೇ ಚರಣದಲ್ಲಿ ನೀವು ಅವಸರ ಮಾಡಿ ತಾಳಕ್ಕಿಂತ ಮುಂದೆ ಓಡಿದ್ದೀರಿ. ನಾನು ನನ್ನ ಸಾಲು ಬೇಗ ಎತ್ತಿ ನಿಮ್ಮನ್ನು ಹಿಡಿದಿದ್ದೇನೆ. ಕೇಳುವವರಿಗೆ ಗೊತ್ತಾಗುವುದಿಲ್ಲ. ಉಳಿದದ್ದು ಸುಳ್ಳಲ್ಲ ಸುಂದರಣ್ಣ, ತುಂಬ ಚೆನ್ನಾಗಿತ್ತು. ನನ್ನದೂ ಚೆನ್ನಾಗಿತ್ತು. ನಾವು ಚೆನ್ನಾಗಿ ಹಾಡುತ್ತಿದ್ದೆವು.

ಹಾಡು ಮುಗಿಯಿತು. ಹಿಂದಿನಿಂದ ಒಂದಿಬ್ಬರು ಹುಡುಗರು "ಒನ್ಸ್ ಮೋರ್" ಎಂದು ಕೂಗಿದರು. ಅಷ್ಟಕ್ಕೇ ನಿಂತುಹೋಗುತ್ತಿತ್ತು. ಆಗ ಪಕ್ಕದಲ್ಲಿ ಸೀತಕ್ಕ ಕುರ್ಚಿ ಬಿಟ್ಟು ಎದ್ದು ನಿಂತರು. ಸೆರಗು ಬಿಗಿದುಕೊಂಡರು. "ಒನ್ಸ್ ಮೋರ್!" ಎಂದು ಎಷ್ಟು ಜೋರಾಗಿ ಕೂಗಿದರೆಂದರೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಮತ್ತೆ ಕೂಗಿದರು. ಜನರೂ ಸೇರಿಕೊಂಡರು. ವಿಜಯ್‌ಗೂ ನಯನಳಿಗೂ ಏದುಸಿರು. ಲೋಕೇಶ ನಕ್ಕು ಮತ್ತೆ ಹಾಕಿದ.

ಎರಡನೇ ಚರಣದಲ್ಲಿ ನೀವು ಮತ್ತೆ ಅದೇ ಜಾಗದಲ್ಲಿ ಓಡಿದಿರಿ. ನಾನು ಬಂದು ಹಿಡಿದೆ.

ಸುಮಾ